ನೀರಗಂಟಿಯ ಕ್ಯಾಸೆಟ್ಟು

"ಅದೊಂದು ಬ್ಯಾಡ್ರಿ ಸಾರ್, ಕೆಟ್ಟೈತೆ," ಎಂದ ನ್ಯಾಮತಿ ಸಂತೆಯಲ್ಲಿ ಕ್ಯಾಸೆಟ್ ಮಾರುತ್ತಿದ್ದವನು. "ನಡುನಡುವೆ ಹಾಡೇ ನಿಂತೋಗ್ತೈತೆ. ತಗಂಡೋದೋರೆಲ್ಲ ವಾಪಸ್ ತಂದು ಕೊಟ್ಟಾರೆ. ಬೇರೆ ಯಾವುದಾದ್ರೂ ಕೇಳ್ರಿ, ಕೊಡ್ತೀನಿ."

ನಾನು ಅದೇ ಬೇಕೆಂದೆ. ಅವನು ನನ್ನನ್ನೊಮ್ಮೆ ನೋಡಿ ಗೋಣಿಚೀಲದ ತಳದಿಂದ ಹುಡುಕಿ ತೆಗೆದು ಕೊಟ್ಟ. ಹೊದಿಕೆಯ ಕಾಗದದ ಮೇಲೆ ಒಬ್ಬ ಮನುಷ್ಯನ ಚಿತ್ರವಿತ್ತು. ಖಾಕಿ ಅಂಗಿ, ಕೊರಳಿಗೆ ಸುತ್ತಿದ ಟವೆಲ್ಲು, ಕ್ಯಾಮೆರಾದ ಕಡೆ ನೋಡದೆ ದೂರದಲ್ಲಿ ಯಾರನ್ನೋ ಹುಡುಕುತ್ತಿರುವಂಥ ಕಣ್ಣು. ಕ್ಯಾಸೆಟ್ಟು ಕೆಟ್ಟಿರಲಿಲ್ಲ. ಅದು ಮಾರುವವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.

ಚಿತ್ರದಲ್ಲಿದ್ದವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಬರೆದೊಡನೆ ಉಳಿದದ್ದಕ್ಕೂ ಒಂದು ಖಚಿತತೆ ಬಂದುಬಿಡುತ್ತದೆ. ನಾನು ಹೇಳಲಿರುವ ವಿಷಯದಲ್ಲಿ ಅಷ್ಟು ಖಚಿತತೆ ನನಗಿಲ್ಲ. ಊರವರು ಅವರನ್ನು ಕರೆಯುತ್ತಿದ್ದದ್ದು ನೀರಗಂಟಿ ಎಂದೇ. ಸೂಳೆಕೆರೆಯ ನಾಲೆಯ ಕೆಳಗಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವ ಕೆಲಸ ಅವರದು. ತೂಬು ಎತ್ತಿದ ಮೇಲೆ ನೀರು ಕೊನೆಯ ಗದ್ದೆಗೆ ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ಆಗ ಇದ್ದದ್ದು ಗಂಟಲು ಒಂದೇ. ಇವರು ಏರಿಯ ಮೇಲೆ ನಿಂತು "ಬಂತೇನೋ" ಎಂದು ಕೂಗಬೇಕು, ಆ ತುದಿಯಲ್ಲಿರುವವನು "ಬಂತೋ" ಎನ್ನಬೇಕು. ಕೂಗಿದ ಮೇಲೆ ಹಾರೆಯಿಂದ ತೂಬಿನ ಕಲ್ಲಿಗೆ ಮೂರು ಸಲ ಬಡಿದು ಕಾಯುತ್ತಿದ್ದರು. ಉತ್ತರ ಬರಲಿಲ್ಲವೆಂದರೆ ಮತ್ತೆ ಕೂಗು, ಮತ್ತೆ ಮೂರು ಪೆಟ್ಟು. ಇಪ್ಪತ್ತು ವರ್ಷ ಹೀಗೆ ಕೂಗಿದ ಗಂಟಲು ಹೇಗಿರಬಹುದೋ ಹಾಗೇ ಇತ್ತು ಅದು. ಒರಟು, ದಪ್ಪ, ಅಂಚಿನಲ್ಲಿ ಸೀಳಿದ್ದು.

ಎಪ್ಪತ್ತರ ದಶಕದ ನಡುವೆ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ, ಶುರುಮಾಡಿದ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು, ಚನ್ನಗಿರಿಯ ಕಾಲೇಜಿಗೆ ತರ್ಕಶಾಸ್ತ್ರ ಕಲಿಸಲು ಬಂದೆ. ರಹಮತ್ ಎಂಬುವರ ರೇಡಿಯೋ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ವಾಸ. ಸಂಜೆಯಾದರೆ ಕೆಳಗಿನಿಂದ ವಿಚಿತ್ರ ಸದ್ದು ಬರುತ್ತಿತ್ತು. ರಹಮತ್ ಯಾರಿಂದಲೋ ತಂದ ಹಳೆಯ ಗಿಟಾರಿಗೆ ಟೆಲಿಫೋನಿನ ಒಳಗಿನ ಯಾವುದೋ ಭಾಗ ಅಂಟಿಸಿ, ತಾವೇ ಕಟ್ಟಿದ ಆಂಪ್ಲಿಫೈಯರಿಗೆ ಜೋಡಿಸಿದ್ದರು. ಆಂಪ್ಲಿಫೈಯರು ಸರಿಯಿರಲಿಲ್ಲ. ತಂತಿ ಮುಟ್ಟಿದರೆ ಸ್ವರದ ಬದಲು ಗರಗಸದ ಸದ್ದು ಹೊರಡುತ್ತಿತ್ತು. ಅದನ್ನು ಸರಿಮಾಡಲು ಹೊರಟಿದ್ದ ದಿನವೇ ನೀರಗಂಟಿ ತಮ್ಮ ರೇಡಿಯೋ ರಿಪೇರಿಗೆಂದು ಬಂದು, ಕೇಳಿ, "ಸಾಬ್ರೇ, ಹಂಗೇ ಇರ್ಲಿ ಬಿಡ್ರಿ. ನನ್ನ ಗಂಟ್ಲಿಗೆ ಅದೇ ಜೋಡಿ," ಎಂದರಂತೆ. ನಮ್ಮ ಹಾಡಿನ ಪಾರ್ಟಿ ಹುಟ್ಟಿದ್ದು ಹೀಗೆ ಎಂದು ರಹಮತ್ ಹೇಳುತ್ತಿದ್ದರು. ಚಂದ್ರಪ್ಪ ಎಂಬ ಬ್ಯಾಂಡಿನವರು ಡ್ರಮ್ಮಿಗೆ ಸೇರಿದರು. ನಾನು ಮೆಟ್ಟಿಲಿಳಿದು ಬಂದು ಗೊಣಗಿದ್ದಕ್ಕೆ ಕೈಗೆ ಜೋಡಿ ತಾಳ ಕೊಟ್ಟು ಕೂರಿಸಿದರು. ಊರವರು ನಮ್ಮನ್ನು ಅಬ್ಬರದ ಪಾರ್ಟಿ ಎನ್ನುತ್ತಿದ್ದರು. ಹೊಗಳಿಕೆಯೋ ಅಲ್ಲವೋ ನನಗೆ ಕೊನೆಗೂ ತಿಳಿಯಲಿಲ್ಲ.

ಹಾಡುಗಳನ್ನು ನೀರಗಂಟಿಯವರೇ ಕಟ್ಟುತ್ತಿದ್ದರು, ನಾಲೆಯ ಮೇಲೆ ನಡೆಯುತ್ತ. ಬರೆದಿಡುತ್ತಿರಲಿಲ್ಲ. ಭಜನೆ ಮೇಳಗಳಲ್ಲಿ ಮುಂದಿನವರು ಇಡೀ ಸಾಲು ಹಾಡಿದ ಮೇಲೆ ಹಿಂದಿನವರು ಅದನ್ನೇ ಮತ್ತೆ ಹಾಡುತ್ತಾರೆ. ಇವರದು ಹಾಗಲ್ಲ. ಸಾಲನ್ನು ಮುಕ್ಕಾಲು ಹಾಡಿ, ತುದಿಯ ಮಾತನ್ನು ನಮಗೆ ಬಿಡುತ್ತಿದ್ದರು. ನಾನೋ ಚಂದ್ರಪ್ಪನವರೋ ಆ ತುದಿ ಎತ್ತಿದರೇ ಅವರ ಮುಂದಿನ ಸಾಲು. ಒಮ್ಮೆ ನಾನು ಕೇಳಿದೆ, "ಪೂರ್ತಿ ನೀವೇ ಹಾಡಿದ್ರೆ ಏನಾಗುತ್ತೆ?" ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕೂಗಿದೋನೇ ಓ ಅಂದ್ರೆ ಹೆಂಗೆ ಮೇಷ್ಟ್ರೇ? ನೀರು ಮುಟ್ಟಿದ್ದು ಗೊತ್ತಾಗೋದು ಬ್ಯಾಡ್ವಾ?"

ಮಾತಿನಲ್ಲೂ ಅದೇ ಅಭ್ಯಾಸ. ಎದುರಿಗೆ ಸಿಕ್ಕರೆ "ಊಟ..." ಎಂದು ನಿಲ್ಲಿಸಿ, ನಾನು "ಆಯ್ತು" ಎನ್ನುವವರೆಗೆ ಮುಖ ನೋಡುತ್ತಿದ್ದರು. "ಬಸ್ಸು..." ಎನ್ನುತ್ತಿದ್ದರು. "ಹೋಯ್ತು" ಎಂದರೆ ಸಮಾಧಾನ. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಸಿಡಿಮಿಡಿಯಾಗುತ್ತಿತ್ತು. ಒಂದು ವಾಕ್ಯವನ್ನೂ ತಾನಾಗಿ ಮುಗಿಸಲಾರದ ಮನುಷ್ಯನೊಬ್ಬ ಸಭೆಯನ್ನು ಅಲುಗಾಡಿಸುವುದು ಹೇಗೆಂದು ನಾನು ಗಂಭೀರವಾಗಿ ಯೋಚಿಸಿದ್ದುಂಟು.

ಅಲುಗಾಡಿಸುತ್ತಿದ್ದದ್ದಂತೂ ನಿಜ. ಮೈಕನ್ನು ಒಂದು ತೋಳು ದೂರ ಹಿಡಿಯುತ್ತಿದ್ದರು. ಬಾಯಿಯ ಹತ್ತಿರ ತಂದರೆ ಮೈಕ್‌ಸೆಟ್ಟಿನವರು ಓಡಿಬಂದು ಕೈ ಮುಗಿಯುತ್ತಿದ್ದರು. ಹಾಡುವ ಮುಂಚೆ ಕಾಲು ತೊಳೆಯುತ್ತಿದ್ದರು. ಬಾಯಿಗೆ ನೀರು ಮುಟ್ಟಿಸುತ್ತಿರಲಿಲ್ಲ. ಕಣ್ಣು ಯಾವಾಗಲೂ ಜನರ ತಲೆಯ ಮೇಲಿಂದ ಹಾದು, ಪೆಂಡಾಲಿನ ಕೊನೆಯ ಗೂಟದ ಆಚೆ ಎಲ್ಲೋ ನೆಟ್ಟಿರುತ್ತಿತ್ತು.

ಮೈಸೂರಿನ ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ಹಾರ್ಡ್ ರಾಕ್ ಎಂಬ ಪಾಶ್ಚಾತ್ಯ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ಇಟ್ಟುಕೊಂಡಿದ್ದ. ಅಂಥದೊಂದನ್ನು ತಂದು ರಹಮತ್ ಅಂಗಡಿಯಲ್ಲಿ ಇವರಿಗೆ ಕೇಳಿಸಿದೆ. ನಿಮ್ಮಂಥವರು ಲೋಕದಲ್ಲಿ ಬೇರೆಯೂ ಇದ್ದಾರೆ ಎಂದು ತೋರಿಸುವ ಉಮೇದು ನನಗೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಗಂಟ್ಲು ಐತೆ ಮನುಷ್ಯಂಗೆ," ಎಂದರು. ಆಮೇಲೆ, "ಆದ್ರೆ ಪಾಪ, ಯಾರ್ನ ಕೂಗ್ತಾನೆ? ಆ ಕಡಿಂದ ಒಬ್ರೂ ಓ ಅನ್ನವಲ್ರಲ್ಲ," ಎಂದರು.

ಎಂಬತ್ತರ ಹೊತ್ತಿಗೆ ಎಲ್ಲರಿಗೂ ಸಿನಿಮಾ ಹಾಡು ಬೇಕಾಯಿತು. ರಹಮತ್ ದಾವಣಗೆರೆಯಿಂದ ಒಬ್ಬ ಹೊಸ ಗಾಯಕನನ್ನು ಕರೆತಂದರು. ಎಣ್ಣೆ ಹಚ್ಚಿ ಬಾಚಿದ ಕೂದಲು, ಮೈಕಿಗೆ ತುಟಿ ತಾಗಿಸಿ ಹಾಡುವ ಮೃದು ಗಂಟಲು. "ಚೆನ್ನಾಗೇ ಹಾಡ್ತಾನೆ," ಎಂದರು ನೀರಗಂಟಿ. "ಗಂಟ್ಲಾಗೆ ಬೆಣ್ಣೆ ಇಟ್ಕಂಡಾನೆ. ಬಿಸಿಲಿಗೆ ಮಾತ್ರ ಬಿಡಬ್ಯಾಡ್ರಿ ಸಾಬ್ರೇ, ಇಳಿದೋಗ್ತೈತೆ." ಎಲ್ಲರೂ ನಕ್ಕೆವು. ಹೊಸಬನೂ ನಕ್ಕ. ಆದರೆ ಕಾರ್ಯಕ್ರಮಗಳಲ್ಲಿ ಇವರಿಗೆ ಉಳಿದದ್ದು ಮೊದಲ ಒಂದು ಹಾಡು, ದೇವರ ಪದದ ಲೆಕ್ಕದಲ್ಲಿ.

ಇನ್ನು ಜಗಳೂರಿನ ವಿಷಯ. ಇದನ್ನು ಬರೆಯುವುದಕ್ಕೇ ಇಷ್ಟೆಲ್ಲ ಬರೆದೆ ಎಂದು ಕಾಣುತ್ತದೆ.

ಅದೊಂದು ಮದುವೆ. ಮುಹೂರ್ತ ಮುಗಿದು ಊಟದ ಪಂಕ್ತಿ ನಡೆಯುವಾಗ ನಮ್ಮ ಹಾಡು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ಕಡೆ ಹೊರಟಾಗ ನೀರಗಂಟಿ ನನ್ನ ಪಕ್ಕ ಬಂದು ಕೂತರು. ಹೊಸ ಪದ ಕಟ್ಟಿದ್ದರು. ಕಿವಿಯ ಹತ್ತಿರ ಬಾಯಿ ತಂದು, ಎಂಜಿನ್ನಿನ ಸದ್ದಿನಲ್ಲಿ, ಅದನ್ನು ಹೇಳಿದರು.

ಏರಿ ಮ್ಯಾಲೆ ನಿಂತು ಕೂಗೀನಿ
ಕೊನೆ ಗದ್ದಿಗೆ ಕೇಳಲಿಲ್ಲ
ಬಿಟ್ಟ ನೀರು ಎಲ್ಲಿಗೋತು
ಹೇಳೋ ನನ್ನ...

ಅಲ್ಲಿಗೆ ನಿಲ್ಲಿಸಿ, ತುದಿಯ ಮಾತು ಹೇಳಿ, "ಈ ಪದದ ತುದಿ ನಿಮ್ದೊಬ್ರುದೇ ಮೇಷ್ಟ್ರೇ. ಚಂದ್ರಪ್ಪಂಗೆ ಬ್ಯಾಡ. ಅವ್ನು ಗದ್ದಲ ಮಾಡ್ತಾನೆ, ಇದನ್ನ ಮೆತ್ತಗೆ ಅನ್ನಬೇಕು," ಎಂದರು. ನಾನು ತಲೆಯಾಡಿಸಿದೆ.

ವೇದಿಕೆಯ ಮೇಲೆ ಅವರು ಅದನ್ನೇ ಎತ್ತಿಕೊಂಡರು. ನೀಲಿ ಶಾಮಿಯಾನ, ಮುಂದಿನ ಸಾಲಿನಲ್ಲಿ ಬಾಳೆಲೆಯ ಮೇಲೆ ಬಗ್ಗಿದ್ದ ತಲೆಗಳು, ಸಾರಿನ ಬಕೆಟ್ಟು ಹಿಡಿದು ಓಡುತ್ತಿದ್ದವರು, ಎಲ್ಲ ಈಗಲೂ ಕಾಣುತ್ತವೆ. ಮೂರು ಸಾಲಾಯಿತು. "ಹೇಳೋ ನನ್ನ" ಎಂದು ನಿಂತರು. ನಾನು ತುದಿ ಎತ್ತಲಿಲ್ಲ. ಅವರು ಮೈಕಿನ ಕಂಬಕ್ಕೆ ಬೆರಳ ಗಂಟಿನಿಂದ ಮೂರು ಸಲ ಬಡಿದು ಕಾದರು. ಸಾಲನ್ನು ಮತ್ತೆ ಹಾಡಿದರು, ಮತ್ತೆ ಮೂರು ಪೆಟ್ಟು. ಊಟ ಮಾಡುತ್ತಿದ್ದವರಲ್ಲಿ ಯಾರೋ "ಮರ್ತೋಯ್ತೇನ್ರೀ ಯಜಮಾನ್ರೇ?" ಎಂದರು. ನಗು ಎದ್ದಿತು. ಅವರು ತಿರುಗಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ನಾಲೆಯ ಆ ತುದಿಯಲ್ಲಿ ಆಳೇ ಇಲ್ಲವೆಂದು ಗೊತ್ತಾದಾಗ ನೋಡುವ ಹಾಗೆ. ಮೈಕನ್ನು ನೆಲದ ಮೇಲೆ ಮೆಲ್ಲಗಿಟ್ಟು, ಮೆಟ್ಟಿಲಿಳಿದು, ಪಂಕ್ತಿಗಳ ನಡುವೆ ನಡೆದು ಹೋದರು. ಹೊಸಬ ಸಿನಿಮಾ ಹಾಡು ಶುರುಮಾಡಿದ. ಅದೇ ನೀರಗಂಟಿ ನಮ್ಮ ಪಾರ್ಟಿ ಬಿಟ್ಟದ್ದು.

ನಾನೇಕೆ ಸುಮ್ಮನಿದ್ದೆ? ಬಹಳ ವರ್ಷ ನನಗೆ ಉತ್ತರ ಸ್ಪಷ್ಟವಾಗಿತ್ತು. ವೇದಿಕೆ ಹತ್ತುವ ಮುಂಚೆ ರಹಮತ್ ನನ್ನ ತೋಳು ಹಿಡಿದು, "ಬೀಗರಿಗೆ ಸಿನಿಮಾ ಹಾಡೇ ಬೇಕಂತೆ. ಇವರದು ಉದ್ದ ಆಗ್ತೈತೆ. ನೀವು ತುದಿ ಎತ್ತಬ್ಯಾಡ್ರಿ, ತಾವೇ ನಿಲ್ತಾರೆ," ಎಂದಿದ್ದರು. ನಾನು ಹೇಳಿದಂತೆ ಕೇಳಿದೆ. ಹೇಡಿತನ, ಆದರೆ ಅರ್ಥವಾಗುವಂಥದು. ಪಾರ್ಟಿ ಒಡೆದ ಮೇಲೆ ಒಂದು ದಿನ ರಹಮತ್ ಬಳಿ ಇದನ್ನೆತ್ತಿದಾಗ ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಅಲ್ಲಾನ ಆಣೆ, ನಾನು ಹಂಗಂದಿಲ್ಲ. ಆ ಮನುಷ್ಯಂಗೆ ನಾನು ಹಂಗೆ ಮಾಡ್ತೀನಾ? ನೀವು ಬೆಬ್ಬಬ್ಬೆ ಅಂತ ನಿಂತಿದ್ರಿ ಸಾರ್. ಮುಖ ಸುಣ್ಣ ಆಗಿತ್ತು. ಮಾತು ಮರ್ತೀರಿ ಅಂತ ನಾನು ಆವಾಗ್ಲೇ ತಿಳ್ಕಂಡೆ."

ರಹಮತ್ ಸುಳ್ಳು ಹೇಳುವವರಲ್ಲ. ಹಾಗಾದರೆ ಬಸ್ಸಿನಲ್ಲಿ ಒಂದೇ ಸಲ ಕೇಳಿದ ಮಾತು ವೇದಿಕೆಯ ಮೇಲೆ ನನಗೆ ಮರೆತುಹೋಗಿ, ಆ ಅವಮಾನ ತಾಳಲಾರದೆ ನಾನೇ ಆಮೇಲೆ ರಹಮತ್ ಬಾಯಿಗೆ ಆ ಮಾತುಗಳನ್ನು ಹಾಕಿಕೊಂಡೆನೆ? ತೋಳು ಹಿಡಿದ ಕೈಯ ಬಿಸಿ ಕೂಡ ನೆನಪಿದೆ ನನಗೆ. ಆದರೆ ಅಂಥ ಬಿಸಿಯನ್ನು ಮನಸ್ಸು ತಾನೇ ತಯಾರಿಸಬಲ್ಲದು ಎಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದವನೂ ನಾನೇ. ಬೇಕೆಂದೇ ಸುಮ್ಮನಿದ್ದದ್ದೋ, ಮರೆತದ್ದೋ, ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದೂ ನನಗೆ ತೀರ್ಮಾನಿಸಲಾಗಿಲ್ಲ.

ಜಗಳೂರಿನದಾಗಿ ಎರಡು ವರ್ಷದ ಹೊತ್ತಿಗೆ ನನಗೆ ಹೊನ್ನಾಳಿಗೆ ವರ್ಗವಾಗಿತ್ತು. ಒಂದು ಮಧ್ಯಾಹ್ನ ನೀರಗಂಟಿ ಮನೆ ಹುಡುಕಿಕೊಂಡು ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ನಡುವೆ ನಡುವೆ ಕೆಮ್ಮುತ್ತಿದ್ದರು. ಒಳಗೆ ಕೂರಲಿಲ್ಲ, ಜಗಲಿಯ ಮೇಲೇ ಕೂತರು.

"ಕ್ಯಾಸೆಟ್ಟು ಮಾಡ್ತಿದೀನಿ ಮೇಷ್ಟ್ರೇ. ನಂದೇ. ಪಾರ್ಟಿ ಗೀರ್ಟಿ ಏನಿಲ್ಲ, ಗಂಟ್ಲು ಒಂದೇ. ಇಲ್ಲೇ ನಿಮ್ಮೂರಾಗೆ, ಮೈಕ್‌ಸೆಟ್ ಅಂಗಡಿ ಹಿಂದಿನ ರೂಮಿನಾಗೆ. ಗ್ವಾಡಿಗೆಲ್ಲ ಕೌದಿ ಕಟ್ಟಾರೆ, ಸದ್ದು ಹೊರಗೆ ಹೋಗಬಾರ್ದಂತೆ." ನಕ್ಕರು. "ನನ್ನ ಸದ್ದು ಹೊರಗೆ ಹೋಗಬಾರ್ದು ಅಂತ ಕೌದಿ ಕಟ್ಟಿದೋರು ಇವ್ರೇ ಮೊದಲು."

"ಒಬ್ಬರೇ ಹಾಡ್ತೀರಾ?"

"ಭಾನುವಾರ ಬೆಳಿಗ್ಗೆ..." ಎಂದು ನಿಲ್ಲಿಸಿ ನನ್ನ ಮುಖ ನೋಡಿದರು.

"ಬರ್ತೀನಿ" ಎನ್ನಬೇಕಿತ್ತು ನಾನು. ಆ ಒಂದು ಮಾತಿಗೇ ಅವರು ಜಾಗ ಬಿಟ್ಟದ್ದು. ನಾನು ಪರೀಕ್ಷೆಯ ಪೇಪರುಗಳಿವೆ, ಸೋಮವಾರದೊಳಗೆ ಕಳಿಸಬೇಕು ಎಂದೆ. ಪೇಪರುಗಳು ನಿಜವಾಗಿಯೂ ಇದ್ದವೇ ಎಂಬುದು ಈಗ ನೆನಪಿಲ್ಲ. ಇದ್ದರೂ ಆ ಅಂಗಡಿ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ನಿಜ ಸಂಗತಿಯೆಂದರೆ, ಆ ಜಗಳೂರಿನ ಪದವನ್ನೂ ಹಾಡುತ್ತೀರಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹಾಡಿದರೆ ತುದಿಯ ಮಾತು ಯಾವುದೆಂದು ಅವರನ್ನೇ ಕೇಳಬೇಕಾಗುತ್ತಿತ್ತು. ಕೇಳಿದ್ದರೆ ಮುಗಿದುಹೋಗುತ್ತಿತ್ತು. ಅವರು ಹೇಳುತ್ತಿದ್ದರು, ನಗುತ್ತಿದ್ದರು. ಒಂದು ನಿಮಿಷದ ಕೆಲಸ.

"ಆತು ಬಿಡ್ರಿ, ಪೇಪರ್ರು ಮುಖ್ಯ," ಎಂದು ಎದ್ದರು. ಚಪ್ಪಲಿ ಮೆಟ್ಟುತ್ತ ಇನ್ನೇನೋ ಹೇಳಿದರು. "ಜಾಗ ಬಿಟ್ಟಿರ್ತೀನಿ" ಎಂದರು ಅಂತ ನನ್ನ ನೆನಪು. "ಜಾಗ ಬಿಡ್ರಿ" ಎಂದು, ಬಾಗಿಲಿಗೆ ಅಡ್ಡ ನಿಂತಿದ್ದ ನನಗೆ ಹೇಳಿದ್ದೂ ಇರಬಹುದು.

ಆ ಕ್ಯಾಸೆಟ್ಟನ್ನೇ ನಾನು ಮುಂದೆ ನ್ಯಾಮತಿಯ ಸಂತೆಯಲ್ಲಿ ಕೊಂಡದ್ದು. ಮನೆಗೆ ತಂದು ಹಾಕಿದೆ. ಗಂಟಲು ಸ್ವಲ್ಪ ಸೋತಿತ್ತು, ಆದರೂ ಅದೇ ಗಂಟಲು. ಗಿಟಾರಿಲ್ಲ, ಡ್ರಮ್ಮಿಲ್ಲ. ಪ್ರತಿ ಹಾಡಿನಲ್ಲೂ ಸಾಲು ಮುಕ್ಕಾಲಿಗೆ ನಿಲ್ಲುತ್ತಿತ್ತು. ಆಮೇಲೆ ಖಾಲಿ. ಆಮೇಲೆ ಮುಂದಿನ ಸಾಲು. ಕೊಂಡವರು ಟೇಪು ಕೆಟ್ಟಿದೆಯೆಂದು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಬೇರೆ ತೀರ್ಮಾನಕ್ಕೆ ಬಂದೆ. ಮುದುಕರು, ಬೇರೆಯವರು ಮುಗಿಸಿ ಮುಗಿಸಿ ಅಭ್ಯಾಸವಾಗಿದೆ, ಸಾಲು ಮುಗಿಸಲು ಬಾರದೆ ನಿಂತುಬಿಟ್ಟಿದ್ದಾರೆ. ಕನಿಕರವೆನಿಸಿತು. ಕನಿಕರದಲ್ಲಿ ನನಗೊಂದು ಬಿಡುಗಡೆಯೂ ಇತ್ತು. ಎರಡನೆಯ ಬದಿಯ ಕೊನೆಯ ಹಾಡು ಜಗಳೂರಿನದೇ ಎಂದು ಗೊತ್ತಾದೊಡನೆ ಮೊದಲ ಸಾಲಿಗೇ ನಿಲ್ಲಿಸಿ, ಕ್ಯಾಸೆಟ್ಟನ್ನು ಪೆಟ್ಟಿಗೆಗೆ ಹಾಕಿದೆ.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರು ತಿಂಗಳು ತಡವಾಗಿ, ಬಸವಾಪಟ್ಟಣದ ಬಸ್ಸಿನಲ್ಲಿ ಸಿಕ್ಕ ಚಂದ್ರಪ್ಪನವರಿಂದ. ಎದೆಯ ಕಾಯಿಲೆಯಂತೆ. ಆ ವಾರವೇ ಅವರ ಊರಿಗೆ ಹೋದೆ, ಕೆರೆಯ ಏರಿಯ ಕೆಳಗಿನ ಸಣ್ಣ ಹಳ್ಳಿಗೆ. ಅವರ ಹೆಂಡತಿ ಪಡಸಾಲೆಯಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪಕ್ಕದಲ್ಲಿ ಟೇಪ್ ರೆಕಾರ್ಡರು, ಅದೇ ಕ್ಯಾಸೆಟ್ಟು ಹಾಡುತ್ತಿತ್ತು. ನನ್ನ ಗುರುತು ಹೇಳಿಕೊಂಡೆ.

"ಮೇಷ್ಟ್ರಾ? ಬರ್ರಿ, ಕೂಡ್ರಿ," ಎಂದರು. ಟೇಪು ನಿಲ್ಲಿಸಲಿಲ್ಲ.

ಸಾಲು ಮುಕ್ಕಾಲಿಗೆ ನಿಂತಿತು. ಆಕೆ ಅಕ್ಕಿಯಿಂದ ಕಣ್ಣೆತ್ತದೆ, ರಾಗವಿಲ್ಲದೆ, ಅಂಗಡಿಯ ಸಾಮಾನು ಹೇಳುವ ಹಾಗೆ ತುದಿಯ ಮಾತು ಹೇಳಿದರು. ಮುಂದಿನ ಸಾಲು ಬಂತು. ಮತ್ತೆ ಖಾಲಿ, ಮತ್ತೆ ಆಕೆ. ಸರಿಯಾಗಿ ಕೂರುತ್ತಿತ್ತು.

"ಇದು ಚಂದ್ರಪ್ಪಂದು," ಎಂದರು ಆಕೆ. "ಮುಂದಿಂದೂ ಅವಂದೇ. ಆ ಕಡೆ ಬದಿಯಾಗಿನವು ಎರಡು ನಿಮ್ದು. ಯಾವುದು ಯಾರ್ದು ಅಂತ ಎಲ್ಲಾ ಹೇಳಿ ಹೋಗ್ಯಾರೆ. ಮಂದಿ ಕೆಟ್ಟೈತೆ ಕೆಟ್ಟೈತೆ ಅಂತ ವಾಪಸ್ ಕೊಟ್ರಲ್ಲ, ಅದಕ್ಕೇನೂ ಬ್ಯಾಸರ ಮಾಡ್ಕಳ್ಳಿಲ್ಲ. ಅವ್ರಿಗೆ ಬಿಟ್ಟ ಜಾಗ ಅಲ್ಲ ಅದು, ಅಂದ್ರು."

ನಾನು ಟೇಪಿನ ಹತ್ತಿರ ಸರಿದು ಕೂತೆ. ಅದು ನನ್ನ ಮನೆಯದಕ್ಕಿಂತ ಒಳ್ಳೆಯದು. ಖಾಲಿ ಜಾಗ ಖಾಲಿಯಾಗಿರಲಿಲ್ಲ. ಅದರೊಳಗೆ ಬಹಳ ಸಣ್ಣಗೆ, ಮರದ ಬೆಂಚಿಗೆ ಬೆರಳ ಗಂಟಿನಿಂದ ಬಡಿದ ಸದ್ದಿತ್ತು. ಮೂರು ಸಲ. ಸಾಲು ಮುಗಿಸಲು ಬಾರದವನು ಹಾಗೆ ಎಣಿಸಿ ಕಾಯುವುದಿಲ್ಲ.

ಆಕೆ ಕ್ಯಾಸೆಟ್ಟು ತಿರುಗಿಸಿ ಹಾಕಿ, ಕೊನೆಯ ಹಾಡಿಗೆ ತಂದರು.

"ಇದೊಂದ್ರದು ನಂಗೆ ಬರಲ್ಲ. ಮನೆಯಾಗೆ ಯಾವತ್ತೂ ಹಾಡಿಲ್ಲ ಇದ್ನ. ಏನ್ರೀ ತುದಿ ಅಂದ್ರೆ, ಅದು ಮೇಷ್ಟ್ರಿಗೆ ಗೊತ್ತು, ಬಂದಾಗ ಕೇಳು ಅಂದ್ರು. ಹಾಡ್ತೈತೆ ನೋಡ್ರಿ. ನೀವು ಅನ್ರಿ."

ಏರಿ ಮೇಲೆ ನಿಂತು ಕೂಗಿದರು. ಕೊನೆಯ ಗದ್ದೆಗೆ ಕೇಳಲಿಲ್ಲ. ಬಿಟ್ಟ ನೀರು ಎಲ್ಲಿಗೆ ಹೋಯಿತೆಂದು ಕೇಳಿದರು. "ಹೇಳೋ ನನ್ನ" ಎಂದು ನಿಂತಿತು. ಮೂರು ಪೆಟ್ಟು. ಆಕೆಯ ಕೈ ಮೊರದ ಮೇಲೆ ನಿಂತಿತ್ತು.

ನನಗೆ ಬಸ್ಸಿನ ಕಿಟಕಿಯ ಕಂಬಿ ನೆನಪಿದೆ. ಕಿವಿಗೆ ತಾಗಿದ ಅವರ ಉಸಿರಿನ ಎಲೆಅಡಿಕೆಯ ವಾಸನೆ ನೆನಪಿದೆ. ತುದಿಯ ಮಾತು ಮಾತ್ರ ಇಲ್ಲ. ತಂದೆ, ಗುರು, ತಮ್ಮ, ಗೆಳೆಯ, ದೊರೆ, ಮಗ, ಯಾವುದೂ ಇರಬಹುದು. ಒಂದೊಂದು ಮಾತಿಗೆ ಆ ಹಾಡು ಒಬ್ಬೊಬ್ಬರನ್ನು ಕೇಳುತ್ತದೆ. ಅವರು ಯಾರನ್ನು ಕೇಳಿದರೆಂಬುದನ್ನು ಲೋಕದಲ್ಲಿ ಕೇಳಿಸಿಕೊಂಡವನು ನಾನೊಬ್ಬನೇ.

"ಗುರುರಾಯ," ಎಂದೆ.

ಆಕೆ ಅದನ್ನು ಬಾಯೊಳಗೆ ಒಂದೆರಡು ಸಲ ಅಂದುಕೊಂಡರು. ಟೇಪನ್ನು ಹಿಂದಕ್ಕೆ ತಿರುಗಿಸಿ ಹಾಕಿದರು. ಸಾಲು ನಿಂತಲ್ಲಿ, ಮೂರು ಪೆಟ್ಟಿನ ಜೊತೆ, "ಗುರುರಾಯ" ಎಂದರು. ಆಕೆಯ ಮಾತು ಮುಗಿಯುವ ಮುಂಚೆಯೇ ಗಂಡನ ಮುಂದಿನ ಸಾಲು ಶುರುವಾಯಿತು. ಎರಡೂ ಒಂದರ ಮೇಲೊಂದು ಬಿದ್ದವು.

ಆಕೆ ಟೇಪು ನಿಲ್ಲಿಸಿದರು. ನನ್ನನ್ನು ನೋಡಲಿಲ್ಲ. ಮೊರದಿಂದ ಒಂದು ಕಲ್ಲನ್ನು ಆರಿಸಿ ಹೊರಗೆಸೆದು, "ಒಂಚೂರು ಉದ್ದ ಆಗ್ತೈತೆ ಮೇಷ್ಟ್ರೇ," ಎಂದರು. "ಅವ್ರು ಬಿಟ್ಟಿರೋ ಜಾಗ ಸಣ್ಣದು."

ಮತ್ತೆ ಹಿಂದಕ್ಕೆ ತಿರುಗಿಸಿ ಹಾಕಿದರು. ಈ ಸಲ ಇಬ್ಬರೂ ಏನೂ ಅನ್ನಲಿಲ್ಲ. ಮೂರು ಪೆಟ್ಟು ಬಿತ್ತು. ಅವರು ಕಾದರು. ಆಮೇಲೆ ಮುಂದಿನ ಸಾಲಿಗೆ ಹೋದರು.